ಕಾಡಿನ ಹುಳು, ಕಾಗದದ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಡಿನ ಕೀಟಗಳ ಸಂಖ್ಯೆ ಏರಿಳಿಯುವುದನ್ನು ಸಮೀಕರಣದಲ್ಲಿ ಹಿಡಿಯುವುದು ನನ್ನ ಕೆಲಸ. ಮದುವೆಮನೆ ಪಂಕ್ತಿಯಲ್ಲಿ ಪಕ್ಕದವರಿಗೆ ಇದನ್ನು ಹೇಳಿದರೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಕೆಳಗಿನ ಮೊದಲ ಪ್ರಶ್ನೆಯನ್ನೇ ಕೇಳುತ್ತಾರೆ. ವಿದ್ಯಾರ್ಥಿಗಳ ಪತ್ರಗಳಲ್ಲಿ ಬರುವವು ಕೊನೆಯ ಭಾಗದವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಮೊದಲಿಗೆ

ಹುಳ ಎಣಿಸೋಕೂ ಗಣಿತ ಬೇಕಾ?

ಎಣಿಸೋಕೆ ಬೇಡ, ಎಣಿಸಿದ ಮೇಲೆ ಬೇಕಾಗುತ್ತದೆ. ಸ್ವಿಟ್ಜರ್ಲೆಂಡಿನ ಎಂಗಡೀನ್ ಕಣಿವೆಯಲ್ಲಿ ಲಾರ್ಚ್ ಮರಗಳ ಎಲೆ ತಿನ್ನುವ ಒಂದು ಪತಂಗವಿದೆ, ಲಾರ್ಚ್ ಬಡ್‌ಮಾತ್ ಎನ್ನುತ್ತಾರೆ. ಅಲ್ಲಿ 1949ರಿಂದ ಪ್ರತಿವರ್ಷ ಕೊಂಬೆ ಕತ್ತರಿಸಿ ತೂಗಿ, ಕಿಲೋಗೆ ಇಷ್ಟು ಹುಳು ಎಂದು ಬರೆದಿಡುತ್ತ ಬಂದರು. ಒಂದು ವರ್ಷ ಎಷ್ಟು ಕೊಂಬೆ ತಡಕಾಡಿದರೂ ಹುಳು ಸಿಗುವುದೇ ಕಷ್ಟ. ನಾಲ್ಕೈದು ವರ್ಷ ಕಳೆದರೆ ನಡುಬೇಸಿಗೆಯಲ್ಲೇ ಇಡೀ ಗುಡ್ಡ ಬೆಂಕಿ ಬಿದ್ದಂತೆ ಕಂದುಬಣ್ಣ. ಆಮೇಲೆ ಮತ್ತೆ ಏನೂ ಇಲ್ಲ. ಅತಿ ಕಡಿಮೆಗೂ ಅತಿ ಹೆಚ್ಚಿಗೂ ಒಂದು ಲಕ್ಷ ಪಟ್ಟಿನವರೆಗೆ ವ್ಯತ್ಯಾಸ, ಅದೂ ಎಂಟು-ಒಂಬತ್ತು ವರ್ಷಕ್ಕೊಮ್ಮೆ, ತಪ್ಪದೆ.

ಮಳೆ ಚಳಿಗಳು ಅಷ್ಟು ಕರಾರುವಾಕ್ಕಾಗಿ ಬಂದುಹೋಗುವುದಿಲ್ಲ. ಹಾಗಾದರೆ ಈ ತಾಳ ಎಲ್ಲಿಂದ ಬಂತು? ಬರಿಗಣ್ಣಿಗೆ ಕಾಣುವುದು ಹುಳು ಮಾತ್ರ. ತಾಳ ಹಾಕುತ್ತಿರುವವರು ಯಾರು ಎಂದು ಪತ್ತೆಹಚ್ಚಲು ಲೆಕ್ಕ ಬೇಕು.

ಮಾದರಿ ಅಂದ್ರೆ ನಿಖರವಾಗಿ ಏನು?

ಕಿರಾಣಿ ಅಂಗಡಿಯ ಜಮಾ-ಖರ್ಚಿನ ಪುಸ್ತಕ. ಹುಟ್ಟಿದ್ದು ಮತ್ತು ಹಾರಿಬಂದದ್ದು ಜಮಾ; ಸತ್ತದ್ದು ಮತ್ತು ಹಾರಿಹೋದದ್ದು ಖರ್ಚು. ಒಂದೇ ವಿಶೇಷವೆಂದರೆ ಈ ಅಂಗಡಿಯಲ್ಲಿ ಜಮಾ ಖರ್ಚು ಎರಡೂ ಗಲ್ಲಾಪೆಟ್ಟಿಗೆಯಲ್ಲಿ ಈಗ ಎಷ್ಟಿದೆ ಎಂಬುದರ ಮೇಲೆ ನಿಂತಿವೆ. ಹುಳು ಹೆಚ್ಚಾದರೆ ಎಲೆ ಸಾಲದು, ಹಕ್ಕಿ ಬರುತ್ತವೆ, ರೋಗ ಬೇಗ ಹರಡುತ್ತದೆ. ಆ ಅವಲಂಬನೆಯನ್ನು ಬರೆದಿಟ್ಟರೆ ಅದೇ ಮಾದರಿ.

ಅಷ್ಟು ದೊಡ್ಡ ಕಾಡಲ್ಲಿ ಯಾರು ಕೂತು ಎಣಿಸ್ತಾರೆ?

ಕಾಡನ್ನೆಲ್ಲ ಯಾರೂ ಎಣಿಸುವುದಿಲ್ಲ. ಅನ್ನ ಬೆಂದಿದೆಯೇ ಎಂದು ಒಂದೆರಡು ಅಗುಳು ಹಿಚುಕಿ ನೋಡುವ ಹಾಗೆ, ಕೊಂಬೆ ನೋಡುತ್ತಾರೆ. ಕೆನಡಾದಲ್ಲಿ ಸ್ಪ್ರೂಸ್ ಬಡ್‌ವರ್ಮ್ ಎಂಬ ಮೊಗ್ಗು ತಿನ್ನುವ ಹುಳುವಿಗೆ ಮರದ ನಡುಭಾಗದಿಂದ 45 ಸೆಂಟಿಮೀಟರ್ ಉದ್ದದ ಕೊಂಬೆತುದಿ ಕತ್ತರಿಸಿ ಅದರಲ್ಲಿರುವುದನ್ನು ಎಣಿಸುವುದು ರೂಢಿ. ಗಂಡು ಪತಂಗಗಳನ್ನು ಹೆಣ್ಣಿನ ವಾಸನೆಯ ಆಮಿಷ ತೋರಿಸಿ ಬಲೆಗೆ ಬೀಳಿಸುವುದೂ ಉಂಟು. ಮರದಡಿ ಬಟ್ಟೆ ಹಾಸಿ ಹಿಕ್ಕೆ ತೂಗುವುದು ಇನ್ನೊಂದು ದಾರಿ. ಹಾವಳಿ ಜೋರಿರುವ ತೇಗದ ತೋಪಿನಲ್ಲಿ ನಿಂತವರಿಗೆ ಈ ಕೊನೆಯದು ವಿಚಿತ್ರವೆನಿಸದು. ಮೋಡವಿಲ್ಲದ ದಿನವೂ ಒಣಗಿದ ಎಲೆಗಳ ಮೇಲೆ ತುಂತುರು ಬಿದ್ದ ಸದ್ದು ಕೇಳುತ್ತದೆ. ಅದು ಮೇಲಿಂದ ಉದುರುತ್ತಿರುವ ಹಿಕ್ಕೆ.

ಎಣಿಕೆಗಿಂತ ಬೆಲೆಯುಳ್ಳದ್ದು ಸಾವಿನ ಪಟ್ಟಿ: ಮೊಟ್ಟೆಯಲ್ಲಿ ಎಷ್ಟು ಸತ್ತವು, ಎಳೆಹುಳುವಾಗಿದ್ದಾಗ ಎಷ್ಟು, ಕೋಶದಲ್ಲಿ ಎಷ್ಟು, ಯಾರಿಂದ. ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ 1940ರ ದಶಕದಲ್ಲಿ ಶುರುವಾದ ಗ್ರೀನ್ ರಿವರ್ ಯೋಜನೆ ವರ್ಷಗಟ್ಟಲೆ ಈ ಪಟ್ಟಿ ತಯಾರಿಸಿತು. 1963ರಲ್ಲಿ ಮಾರಿಸ್ ಅವರ ಸಂಪಾದಕತ್ವದಲ್ಲಿ ಅದು ಹೊರಬಂತು. ಕಾಡುಕೀಟಗಳ ಮಾದರಿಗಳಲ್ಲಿ ಅರ್ಧ ಆ ಒಂದು ಪಟ್ಟಿಯ ಅನ್ನ ತಿಂದಿವೆ.

ಒಂದು ಹೆಣ್ಣು ಐನೂರು ಮೊಟ್ಟೆ ಇಡುತ್ತೆ ಅಂತೀರಿ. ಹಾಗಿದ್ರೆ ಇಷ್ಟೊತ್ತಿಗೆ ಕಾಡೇ ಇರಬಾರದಿತ್ತಲ್ಲ?

ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ನಮ್ಮ ತೇಗದ ಎಲೆ ತಿನ್ನುವ ಹುಳುವನ್ನೇ ತೆಗೆದುಕೊಳ್ಳಿ. ಹೆಣ್ಣು ಸುಮಾರು 500 ಮೊಟ್ಟೆ ಇಡುತ್ತದೆ. ಎಳೆ ಚಿಗುರು ಸಿಕ್ಕರೆ ಮೂರೇ ವಾರದಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಮೊಟ್ಟೆಗಳಲ್ಲಿ ಅರ್ಧ ಹೆಣ್ಣು, ಯಾವುದೂ ಸಾಯುವುದಿಲ್ಲ ಎಂದಿಟ್ಟುಕೊಂಡರೆ ಮೂರು ತಲೆಮಾರಿಗೆ, ಅಂದರೆ ಒಂಬತ್ತು ವಾರಕ್ಕೆ, ಒಂದು ಹೆಣ್ಣಿನಿಂದ ಒಂದೂವರೆ ಕೋಟಿಗೂ ಮಿಕ್ಕಿ ಹೆಣ್ಣುಗಳು.

ಸಂಖ್ಯೆ ಇದ್ದಷ್ಟೇ ಇರಬೇಕಾದರೆ 500ರಲ್ಲಿ ಎರಡೇ ಉಳಿಯಬೇಕು, ಒಂದು ಹೆಣ್ಣು, ಒಂದು ಗಂಡು. ಅಂದರೆ ಸಾವು ಶೇ. 99.6. ಈಗ ಎರಡರ ಬದಲು ನಾಲ್ಕು ಉಳಿದವು ಎನ್ನಿ. ಸಾವು ಶೇ. 99.2ಕ್ಕೆ ಇಳಿಯಿತು, ಅಷ್ಟೇ. ಆದರೆ ಪ್ರತಿ ತಲೆಮಾರಿಗೂ ಸಂಖ್ಯೆ ದುಪ್ಪಟ್ಟು. ಹತ್ತು ತಲೆಮಾರಿಗೆ 1,024 ಪಟ್ಟು. ಕಾಡಿನಲ್ಲಿ ನಿಂತು ನೋಡುವವನಿಗೆ 99.6ಕ್ಕೂ 99.2ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡು ವರ್ಷವೂ 'ಎಲ್ಲ ಹುಳುವೂ ಸತ್ತವು' ಎಂದೇ ಕಾಣುತ್ತದೆ. ನಮ್ಮ ಕಸುಬೆಲ್ಲ ಆ ಶೇ. 0.4ರೊಳಗೆ ನಡೆಯುತ್ತದೆ.

## ಲೆಕ್ಕಕ್ಕೆ ಕೈಹಾಕಿದವರು ಕೇಳುವುದು

ಡಿಗ್ರಿಯಲ್ಲಿ ಲಾಜಿಸ್ಟಿಕ್ ಸಮೀಕರಣ ಓದಿದ್ದೀನಿ. ಅದು ಸಾಲದಾ?

ಬೆಲ್ಜಿಯಂನ ವರ್‌ಹುಲ್ಸ್ಟ್ 1838ರಲ್ಲಿ ಕೊಟ್ಟ ಆ ಸಮೀಕರಣ ಏರಿ, ಮಟ್ಟಕ್ಕೆ ಬಂದು, ಅಲ್ಲೇ ನಿಲ್ಲುತ್ತದೆ. ಕಾಡಿನ ಹುಳು ಹಾಗೆ ನಿಲ್ಲುವ ಜಾಯಮಾನದ್ದಲ್ಲ. ಕೆನಡಾ, ಯುರೋಪಿನ ಹಲವು ಹುಳುಗಳಿಗೆ ವರ್ಷಕ್ಕೆ ಒಂದೇ ತಲೆಮಾರು. ಹಾಗಾಗಿ ಈ ವರ್ಷದಿಂದ ಮುಂದಿನ ವರ್ಷಕ್ಕೆ ನೆಗೆಯುವ ಲೆಕ್ಕ ಹೆಚ್ಚು ಹೊಂದುತ್ತದೆ. ರಿಕರ್ ಎಂಬವರು 1954ರಲ್ಲಿ ಮೀನಿಗಾಗಿ ಬರೆದ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ವರ್ಷದ ಸಂಖ್ಯೆಯನ್ನು ಕಾಡು ಹೊರಬಲ್ಲ ಸಂಖ್ಯೆಯಿಂದ ಭಾಗಿಸಿ, ಆ ಭಾಗಲಬ್ಧವನ್ನು 1ರಿಂದ ಕಳೆಯಿರಿ, ಬೆಳವಣಿಗೆ ದರದಿಂದ ಗುಣಿಸಿ, 2.71828ನ್ನು ಅಷ್ಟು ಘಾತಕ್ಕೆ ಏರಿಸಿ, ಬಂದದ್ದನ್ನು ಈ ವರ್ಷದ ಸಂಖ್ಯೆಯಿಂದ ಗುಣಿಸಿದರೆ ಮುಂದಿನ ವರ್ಷದ ಸಂಖ್ಯೆ.

ಕಾಡು ಹೊರುವುದು 100 ಎಂದಿಟ್ಟು ಕ್ಯಾಲ್ಕ್ಯುಲೇಟರ್ ಹಿಡಿಯಿರಿ. ದರ 2.3 ಇದ್ದು 50ರಿಂದ ಹೊರಟರೆ 158, 42, 159, 41 ಎಂದು ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ. ದರವನ್ನು 3ಕ್ಕೆ ಏರಿಸಿ: 50ರಿಂದ 224, 5, 92, 116, 72, 167, 22. ಈಗ 50ರ ಬದಲು 51ರಿಂದ ಹೊರಡಿ: 222, 6, 97, 106, 89, 125, 59. ಆರಂಭದಲ್ಲಿ ಒಂದೇ ಹುಳುವಿನ ವ್ಯತ್ಯಾಸ, ಏಳನೇ ವರ್ಷಕ್ಕೆ 22 ಎಲ್ಲಿ, 59 ಎಲ್ಲಿ! ಇಷ್ಟು ಸರಳ ಸೂತ್ರದೊಳಗೆ ಇಷ್ಟು ಗೊಂದಲ ಅಡಗಿದೆ ಎಂದು 1970ರ ದಶಕದಲ್ಲಿ ರಾಬರ್ಟ್ ಮೇ ಎತ್ತಿ ತೋರಿಸಿದಾಗಲೇ ಪರಿಸರ ವಿಜ್ಞಾನಿಗಳು ಬೆಚ್ಚಿ ಕೂತದ್ದು.

ಹಕ್ಕಿಗಳು ಇವೆಯಲ್ಲ, ಅವು ತಿಂದು ಮುಗಿಸೋಲ್ವಾ?

ಒಂದು ಮಿತಿಯವರೆಗೆ. ಕೆನಡಾದ ಹೋಲಿಂಗ್ 1959ರಲ್ಲಿ ಒಂದು ತಮಾಷೆಯ ಪ್ರಯೋಗ ಮಾಡಿದರು. ಮೇಜಿನ ಮೇಲೆ ಮರಳುಕಾಗದದ ಬಿಲ್ಲೆಗಳನ್ನು ಅಂಟಿಸಿ, ಕಣ್ಣಿಗೆ ಬಟ್ಟೆ ಕಟ್ಟಿದ ಸಹಾಯಕಿಗೆ ಬೆರಳಲ್ಲಿ ತಡಕಿ ತೆಗೆಯಲು ಹೇಳಿದರು. ಬಿಲ್ಲೆ ಹೆಚ್ಚಾದಂತೆ ಸಿಕ್ಕಿದ್ದೂ ಹೆಚ್ಚಾಯಿತು, ಆದರೆ ಒಂದು ಮಟ್ಟದ ಆಚೆ ನಿಂತಿತು. ಸಿಕ್ಕ ಬಿಲ್ಲೆಯನ್ನು ಎತ್ತಿಡುವುದರಲ್ಲೇ ಹೊತ್ತು ಹೋಗುತ್ತಿತ್ತು. ಹಕ್ಕಿಗೂ ಅದೇ ಕಥೆ, ಹೊಟ್ಟೆಯೂ ಒಂದೇ.

ಅದೇ ವರ್ಷ ಅವರು ಪೈನ್ ತೋಪುಗಳಲ್ಲಿ ಗರಗಸನೊಣ (ಸಾಫ್ಲೈ) ಎಂಬ ಕೀಟದ ಗೂಡುಗಳನ್ನು ತಿನ್ನುವ ಮೂಗಿಲಿ, ಕಾಡಿಲಿಗಳ ಲೆಕ್ಕವನ್ನೂ ಪ್ರಕಟಿಸಿದರು. ಗೂಡು ವಿರಳವಿದ್ದಾಗ ಇಲಿಗಳು ಅದನ್ನು ಗಮನಿಸುವುದೇ ಕಡಿಮೆ. ಮಧ್ಯಮ ಸಂಖ್ಯೆಯಲ್ಲಿ ರುಚಿ ಹತ್ತಿ ಹುಡುಕಿ ತಿನ್ನುತ್ತವೆ. ಅತಿಯಾದಾಗ ಹೊಟ್ಟೆ ತುಂಬಿ ಕೈಬಿಡುತ್ತವೆ. ಈ ಮೂರು ಹಂತದ ಗೆರೆ ಮುಂದಿನ ಉತ್ತರಕ್ಕೆ ಬೇಕು, ನೆನಪಿಡಿ.

ಬಡ್‌ವರ್ಮ್ ಮಾದರಿ ಎಲ್ಲಾ ಪಠ್ಯದಲ್ಲೂ ಇದೆ. ಅದರಲ್ಲಿ ಅಂಥಾ ವಿಶೇಷ ಏನು?

ಕೆನಡಾದ ಪೂರ್ವಭಾಗದ ಬಾಲ್ಸಮ್ ಫರ್ ಕಾಡುಗಳಲ್ಲಿ ಈ ಹುಳು ದಶಕಗಟ್ಟಲೆ ಕಣ್ಣಿಗೇ ಬೀಳುವುದಿಲ್ಲ. 30-40 ವರ್ಷಕ್ಕೊಮ್ಮೆ ಇದ್ದಕ್ಕಿದ್ದಂತೆ ಎದ್ದು, ವರ್ಷಗಳ ಕಾಲ ಚಿಗುರು ತಿಂದು, ಮುಪ್ಪಾದ ಮರಗಳನ್ನು ಕೊಂದು ಇಳಿಯುತ್ತದೆ. 1978ರಲ್ಲಿ ಲಡ್ವಿಗ್, ಜೋನ್ಸ್, ಹೋಲಿಂಗ್ ಮೂವರೂ ಸೇರಿ ಒಂದು ಪ್ರಶ್ನೆ ಎತ್ತಿಕೊಂಡರು: ಕಾಡು ನಿಧಾನವಾಗಿ ಬೆಳೆಯುತ್ತಿದ್ದರೆ ಹುಳು ಹೇಗೆ ಹಠಾತ್ತನೆ ಏಳುತ್ತದೆ?

ಲೆಕ್ಕ ಮಾಡಿಯೇ ನೋಡೋಣ. ಹಕ್ಕಿಗಳು ತಮ್ಮ ಗರಿಷ್ಠದ ಅರ್ಧದಷ್ಟು ತಿನ್ನುವ ಹುಳುಸಾಂದ್ರತೆಯನ್ನು 1 ಎಂದು ಕರೆಯಿರಿ. ಎಲೆ ಹೊರಬಲ್ಲದ್ದು ಅದರ ಹತ್ತು ಪಟ್ಟು.

ಹೆಚ್ಚಳ = ದರ × ಹುಳು × (1 − ಹುಳು ÷ 10)
ಹಕ್ಕಿಗಳ ಪಾಲು = ಹುಳುವಿನ ವರ್ಗ ÷ (1 + ಹುಳುವಿನ ವರ್ಗ)

ದರ 0.5 ಇರಲಿ. ಹುಳು 2 ಇದ್ದಾಗ ಹೆಚ್ಚಳ 0.8, ಹಕ್ಕಿಗಳ ಪಾಲೂ 0.8. ಸರಿಸಮ. ಹುಳು 1.9 ಆದರೆ ಹೆಚ್ಚಳ 0.77, ಪಾಲು 0.78: ಹಕ್ಕಿ ಗೆದ್ದಿತು, ಹುಳು ಇಳಿಯುತ್ತ ಹೋಗಿ 0.68ರಲ್ಲಿ ನಿಲ್ಲುತ್ತದೆ. 2.1 ಆದರೆ ಹೆಚ್ಚಳ 0.83, ಪಾಲು 0.82: ಹುಳು ಗೆದ್ದಿತು, ಏರುತ್ತ ಹೋಗಿ 7.32ರಲ್ಲಿ ನಿಲ್ಲುತ್ತದೆ. ಅದೇ ಕಾಡು, ಅದೇ ಹಕ್ಕಿ, ಅದೇ ಹವೆ. ಆದರೂ ನಿಲ್ಲಲು ಎರಡು ಮಟ್ಟ. ನಡುವಿನ 2 ಒಂದು ಏರಿಯ ನೆತ್ತಿ. ಅಲ್ಲಿಟ್ಟ ಚೆಂಡು ಯಾವ ಕಡೆಗಾದರೂ ಉರುಳಬಹುದು.

ಈಗ ಕಾಡು ಬೆಳೆಯಲಿ. ಎಲೆ ಹೆಚ್ಚಿದಷ್ಟೂ ಅಷ್ಟೇ ಹಕ್ಕಿಗಳು ಇನ್ನೂ ದಟ್ಟ ಹಸಿರಿನಲ್ಲಿ ಹುಡುಕಬೇಕು. ನಮ್ಮ ಅಳತೆಯಲ್ಲಿ ಇದು ದರ ಏರಿದಂತೆಯೇ. 0.5, 0.52, 0.54... ಹುಳು ಇನ್ನೂ ಕೆಳಮಟ್ಟದಲ್ಲೇ ಇದೆ, ಎಣಿಸುವವನಿಗೆ ಏನೂ ವಿಶೇಷ ಕಾಣದು. ದರ 0.56 ದಾಟಿದ ಕೂಡಲೇ ಕೆಳಗಿನ ಮಟ್ಟವೂ ನೆತ್ತಿಯೂ ಒಂದಾಗಿ ಮಾಯ. 1.1ರಲ್ಲಿದ್ದ ಹುಳುವಿಗೆ 7.7ರವರೆಗೆ ಎಲ್ಲೂ ತಂಗುದಾಣವಿಲ್ಲ. ಇಷ್ಟೇ ಆಗಿದ್ದರೆ ದರವನ್ನು 0.55ಕ್ಕೆ ಇಳಿಸಿ ಬಚಾವಾಗಬಹುದಿತ್ತು. ಆಗುವುದಿಲ್ಲ. ಮೇಲಿನ ಮಟ್ಟ ಕಳಚುವುದು ದರ 0.38ಕ್ಕೆ ಬಿದ್ದಾಗ, ಅಂದರೆ ಎಲೆಯೆಲ್ಲ ಬೋಳಾಗಿ ಮರಗಳು ಸತ್ತ ಮೇಲೆ. ಹತ್ತಿದ ಮೆಟ್ಟಿಲಲ್ಲೇ ಇಳಿಯಲು ಬಿಡದ ಮನೆ ಇದು.

ವಿದ್ಯಾರ್ಥಿಗಳು ಈ ಸಮೀಕರಣದಲ್ಲಿ ಹುಳುವನ್ನೇ ನೋಡುತ್ತ ಕೂರುತ್ತಾರೆ. ನೋಡಬೇಕಾದದ್ದು ದರವನ್ನು ಮೆಲ್ಲಗೆ ಎಳೆಯುತ್ತಿರುವ ಎಲೆಯನ್ನು. ಹಾವಳಿಯ ವರ್ಷ ಹುಳುವಿನ ಎಣಿಕೆಯಲ್ಲಿ ಕಾಣುವ ಮೊದಲೇ ಕಾಡಿನ ವಯಸ್ಸಿನಲ್ಲಿ ಬರೆದಿರುತ್ತದೆ.

ಇಷ್ಟೆಲ್ಲ ಯಾಕೆ, ಔಷಧಿ ಹೊಡೆದ್ರೆ ಮುಗೀತಲ್ಲ?

ನ್ಯೂ ಬ್ರನ್ಸ್‌ವಿಕ್‌ನಲ್ಲಿ 1952ರಿಂದ ವಿಮಾನದಲ್ಲಿ ಡಿಡಿಟಿ ಸುರಿದರು. ಮರಗಳು ಉಳಿದವು ಎಂಬುದು ನಿಜ, ಉದ್ದೇಶವೂ ಅದೇ ಆಗಿತ್ತು. 1954ರಲ್ಲಿ ಮಿರಮಿಶಿ ನದಿಯ ಎಳೆ ಸಾಲ್ಮನ್ ಮೀನುಗಳು ಸತ್ತದ್ದೂ ಅಷ್ಟೇ ನಿಜ. ಮೇಲಿನ ಲೆಕ್ಕದ ಕಣ್ಣಲ್ಲಿ ನೋಡಿದರೆ, ಎಲೆ ಉಳಿಸಿಕೊಂಡರೆ ದರ 0.38ಕ್ಕೆ ಬೀಳುವುದೇ ಇಲ್ಲ. ಹುಳುವಿಗೆ ಊಟ ಬಡಿಸುತ್ತಲೇ ಹೊಡೆದಂತಾಯಿತು, ಪ್ರತಿವರ್ಷ ಹೊಡೆಯಬೇಕಾಯಿತು.

## ಆಳಕ್ಕೆ ಇಳಿದವರು ಕೇಳುವುದು

ಆ ಎರಡು ಮಟ್ಟದ ಕಥೆ ತಪ್ಪು ಅಂತ ಓದಿದೆ. ಹಾಗಾದ್ರೆ ಯಾಕಿನ್ನೂ ಪಾಠ ಮಾಡ್ತೀರಿ?

ರೊಯಾಮಾ ಅವರ 1984ರ ಬರಹ ಓದಿದ್ದೀರಿ ಎಂದಾಯಿತು, ಸಂತೋಷ. ಅವರು ಅದೇ ಗ್ರೀನ್ ರಿವರ್ ಅಂಕಿಗಳನ್ನು ಮತ್ತೆ ಹರಡಿಕೊಂಡು ಕೂತು, ಹಠಾತ್ ನೆಗೆತವೇ ಕಾಣುವುದಿಲ್ಲ, ಕಾಣುವುದು ನಿಧಾನವಾಗಿ ಏರಿ ಇಳಿಯುವ ಒಂದು ದೊಡ್ಡ ಅಲೆ ಎಂದರು. ಅಲೆ ಎಬ್ಬಿಸುವುದು ಹಕ್ಕಿಗಳಲ್ಲ; ಬಲಿತ ಹುಳುಗಳನ್ನು ಕೊಲ್ಲುವ, ಹುಳುವಿನ ಮೈಯಲ್ಲೇ ಮರಿ ಬೆಳೆಸುವ ಪರಾವಲಂಬಿ ಕಣಜ, ನೊಣ, ಮತ್ತೆ ರೋಗ, ಜೊತೆಗೆ ಹೆಸರು ಗೊತ್ತಿಲ್ಲದ ಒಂದು ಕಾರಣ. ಅದನ್ನು ಅವರು 'ಐದನೆಯ ಕಾರಕ' ಎಂದು ಕರೆದು ಸುಮ್ಮನಾದರು. ಗೊತ್ತಿಲ್ಲದ್ದಕ್ಕೆ ಒಂದು ಕ್ರಮಸಂಖ್ಯೆ ಕೊಟ್ಟ ಆ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ.

ಕಣಜಗಳು ಅಲೆ ಹೇಗೆ ಎಬ್ಬಿಸುತ್ತವೆ? ತಡವಾಗಿ ಬರುವುದರಿಂದ. ಹುಳು ಹೆಚ್ಚಾದ ವರ್ಷ ಕಣಜಕ್ಕೆ ಸುಗ್ಗಿ, ಆದರೆ ಅದರ ಮರಿಗಳು ಏಳುವುದು ಮುಂದಿನ ವರ್ಷ. ಹುಳು ಇಳಿದರೂ ಕಣಜದ ಸೈನ್ಯ ಇನ್ನೂ ದೊಡ್ಡದೇ ಇರುತ್ತದೆ, ಹುಳುವನ್ನು ಪಾತಾಳಕ್ಕೆ ತಳ್ಳಿ ತಾನೂ ಹಸಿದು ಸಾಯುತ್ತದೆ.

ಆದರೂ ಹಳೆಯ ಮಾದರಿಯನ್ನು ಕಲಿಸುತ್ತೇನೆ. ಹುಳುವಿನಂಥ ವೇಗದ ಚರ, ಎಲೆಯಂಥ ನಿಧಾನದ ಚರ ಎರಡನ್ನೂ ಬೇರೆಯಿಟ್ಟು ಯೋಚಿಸುವುದನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ಇನ್ನೊಂದು ನನಗೆ ಸಿಕ್ಕಿಲ್ಲ. ಬಡ್‌ವರ್ಮ್ ವಿಷಯದಲ್ಲಿ ನನ್ನ ಒಲವು ರೊಯಾಮಾ ಕಡೆಗೇ ಹೆಚ್ಚು.

ನೂರಾರು ಕಿಲೋಮೀಟರ್ ದೂರದ ಕಾಡುಗಳಲ್ಲಿ ಒಟ್ಟಿಗೇ ಹಾವಳಿ ಬರೋದು ಹೇಗೆ?

ಎರಡು ಕಾರಣ. ಒಂದು, ಪತಂಗಗಳು ಹಾರುತ್ತವೆ. ಬಡ್‌ವರ್ಮ್ ಪತಂಗಗಳ ಗುಂಪು ಹವಾಮಾನ ರಾಡಾರಿನಲ್ಲೇ ಮೋಡದಂತೆ ಕಾಣುತ್ತದೆ. ಇನ್ನೊಂದನ್ನು ಮೊರಾನ್ 1953ರಲ್ಲಿ ಹೇಳಿದರು: ಎರಡು ಊರಿನ ಪ್ರಾಣಿಗಳು ಒಂದೇ ನಿಯಮದಿಂದ ಏರಿಳಿಯುತ್ತಿದ್ದು, ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹವೆ ತಟ್ಟುತ್ತಿದ್ದರೆ ಕಾಲಕ್ರಮದಲ್ಲಿ ಎರಡೂ ಹೆಜ್ಜೆ ಸೇರಿಸುತ್ತವೆ. ಯಾರೂ ಹಾರಿಹೋಗಬೇಕಿಲ್ಲ.

ಲಾರ್ಚ್ ಹುಳುವಿನ ಆ ಎಂಟು-ಒಂಬತ್ತು ವರ್ಷದ ತಾಳ ಕೊನೆಗೆ ಯಾರದು ಅಂತ ಗೊತ್ತಾಯ್ತಾ?

ಬಹುಮಟ್ಟಿಗೆ. ಬೋಳಾದ ಲಾರ್ಚ್ ಮರ ಮುಂದಿನ ಕೆಲ ವರ್ಷ ಗಿಡ್ಡ, ನಾರು ಹೆಚ್ಚಿರುವ, ಸಾರವಿಲ್ಲದ ಸೂಜಿ ಎಲೆ ಬಿಡುತ್ತದೆ, ಹುಳು ಸೊರಗುತ್ತದೆ. ತಾಳ ಹಾಕುವವರು ಈ ಎಲೆಯೇ ಎಂದು ಬಹುಕಾಲ ನಂಬಿದ್ದರು. 2003ರಲ್ಲಿ ಟರ್ಚಿನ್ ಮತ್ತು ಸಂಗಡಿಗರು ಎಲೆಯ ಮಾದರಿ, ಕಣಜದ ಮಾದರಿ, ಎರಡೂ ಸೇರಿದ ಮಾದರಿಗಳನ್ನು ಅದೇ ಅಂಕಿಗಳ ಮುಂದೆ ನಿಲ್ಲಿಸಿ ನೋಡಿದಾಗ ಕಣಜಗಳ ಕೈಯೇ ದೊಡ್ಡದೆಂದು ಕಂಡಿತು.

ಆಮೇಲೆ ಕಥೆ ತಿರುಗಿತು. 2007ರಲ್ಲಿ ಪ್ರಕಟವಾದ ಮರದ ಉಂಗುರಗಳ ಅಧ್ಯಯನ ಕ್ರಿ.ಶ. 832ರಿಂದ ಈ ಹಾವಳಿಯ ಗುರುತು ಹಿಡಿದಿತ್ತು: ಸಾವಿರ ವರ್ಷಕ್ಕೂ ಮಿಕ್ಕಿ ಬಿಡದೆ ಬಂದದ್ದು 1981ರ ನಂತರ ನಿಂತಿದೆ! ಬೆಚ್ಚಗಾದ ಹವೆಯತ್ತ ಎಲ್ಲರೂ ಬೊಟ್ಟು ಮಾಡಿದರು. 2018ರ ಹೊತ್ತಿಗೆ ಎಂಗಡೀನ್ ಗುಡ್ಡಗಳು ಮತ್ತೆ ಕಂದಾದವು. ನಾವು ಬರೆದ ಸಮಾಧಿಲೇಖವನ್ನು ಹುಳು ಓದಿರಲಿಲ್ಲ.

ನಮ್ಮ ದಾಂಡೇಲಿ, ಹಳಿಯಾಳ ಕಡೆ ಸಾಗುವಾನಿ ಹುಳಕ್ಕೆ ಇದೇ ಸಮೀಕರಣ ಹಾಕಬಹುದಾ?

ಹಾಗೇ ಎತ್ತಿ ಹಾಕಿದರೆ ಕೆಟ್ಟ ಉತ್ತರ ಬರುತ್ತದೆ. ಬಡ್‌ವರ್ಮ್‌ಗೆ ವರ್ಷಕ್ಕೊಂದು ತಲೆಮಾರು, ಇದಕ್ಕೆ ಮೂರು ವಾರಕ್ಕೊಂದು. ಮುಂಗಾರಿಗೆ ಮುಂಚಿನ ಮಳೆ ಬಿದ್ದು ಚಿಗುರು ಒಡೆದಾಗ ಮೊದಲು ಅಲ್ಲೊಂದು ಇಲ್ಲೊಂದು ಸಣ್ಣ ತುಣುಕಿನಲ್ಲಿ ಹಾವಳಿ ಏಳುತ್ತದೆ. ಅಲ್ಲಿಂದ ಎದ್ದ ಪತಂಗಗಳು ಒಟ್ಟಾಗಿ ಬೇರೆ ಕಡೆ ಹೋಗಿ ಮೊಟ್ಟೆಯಿಡುತ್ತವೆ. ಹಾಗಾಗಿ ಒಂದು ತೋಪಿನೊಳಗಿನ ಹುಟ್ಟು-ಸಾವಿಗಿಂತ ಬಂದದ್ದು-ಹೋದದ್ದೇ ದೊಡ್ಡ ಬಾಬ್ತು. ನಕ್ಷೆಯನ್ನು ಚೌಕಗಳಾಗಿ ಹೆಚ್ಚಿ, ಪ್ರತಿ ಚೌಕಕ್ಕೂ ಚಿಗುರಿನ ವಯಸ್ಸು, ಮಳೆ, ಗಾಳಿ ಕೊಟ್ಟು ದಿನದಿನದ ಲೆಕ್ಕ ಓಡಿಸಬೇಕು.

ಕೆಲಸ ಸಾರ್ಥಕವೇ ಎಂದು ಕೇಳುವವರಿಗೆ: ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ನಿಲಂಬೂರಿನ ಎಳೆ ತೇಗದ ತೋಪುಗಳಲ್ಲಿ ಹೋಲಿಸಿ ನೋಡಿದಾಗ, ಹುಳುವಿನಿಂದ ಕಾಪಾಡಿದ ಮರಗಳು ಹೆಕ್ಟೇರಿಗೆ ವರ್ಷಕ್ಕೆ 6.7 ಘನ ಮೀಟರ್ ಬೆಳೆದರೆ ಕಾಪಾಡದವು 3.7. ಶೇ. 44 ನಷ್ಟ, ಮರ ಸಾಯದೆಯೇ. ಈ ಹುಳುವಿಗೆ ಅದರದೇ ಒಂದು ವೈರಸ್ ಇದೆ, ಮೂರ್ನಾಲ್ಕು ದಿನದಲ್ಲಿ ಕೊಲ್ಲುತ್ತದೆ. ಮೊದಲ ತುಣುಕುಗಳನ್ನು ಸಕಾಲದಲ್ಲಿ ಪತ್ತೆಮಾಡಿ ಅಲ್ಲೇ ಸಿಂಪಡಿಸಬಹುದೇ ಎಂಬುದು ಮಾದರಿ ಉತ್ತರಿಸಬಲ್ಲ ಪ್ರಶ್ನೆ.

ನನ್ನ ಹತ್ರ 12 ವರ್ಷದ ಎಣಿಕೆ ಇದೆ. ಎಲ್ಲಿಂದ ಶುರು ಮಾಡಲಿ? ಪೈಥಾನ್ ಕಲೀಬೇಕಾ?

ಮೊದಲು ಎಣಿಸಿದವರನ್ನು ಹುಡುಕಿ ಮಾತಾಡಿಸಿ. ನಾನೊಮ್ಮೆ ಯಾರೋ ಕೊಟ್ಟ ಪಟ್ಟಿಯಲ್ಲಿ ಸೊಗಸಾದ ನೆಗೆತ ಕಂಡು ಎರಡು ತಿಂಗಳು ಕುಣಿದೆ. ಕೊನೆಗೆ ತಿಳಿದದ್ದು: ಆ ವರ್ಷದಿಂದ ಕೊಂಬೆ ಕತ್ತರಿಸುವುದು ಬಿಟ್ಟು ದೀಪದ ಬಲೆ ಇಟ್ಟಿದ್ದರು. ನೆಗೆದದ್ದು ಹುಳುವಲ್ಲ.

ಆಮೇಲೆ ಸಂಖ್ಯೆಗಳ ಲಾಗರಿದಮ್ ತೆಗೆದು, ವರ್ಷದಿಂದ ವರ್ಷಕ್ಕೆ ಆದ ವ್ಯತ್ಯಾಸವನ್ನು ಹೋದ ವರ್ಷದ ಸಂಖ್ಯೆಯ ಎದುರು ಗುರುತು ಹಾಕಿ, ಅದರ ಹಿಂದಿನ ವರ್ಷದ ಎದುರೂ ಹಾಕಿ. ಎರಡನೆಯದರಲ್ಲಿ ಇಳಿಜಾರು ಕಂಡರೆ ಕಣಜದಂಥ ತಡವಾಗಿ ಬರುವ ಕೈಯೊಂದಿದೆ ಎಂದು ಶಂಕಿಸಬಹುದು. 12 ಬಿಂದುಗಳಿಗೆ ಒಂಬತ್ತು ಸ್ಥಿರಾಂಕದ ಮಾದರಿ ಹೊಂದಿಸಬೇಡಿ. ಹೊಂದುತ್ತದೆ, ಅದೇ ಅಪಾಯ. ಪೈಥಾನ್, ಆರ್ ಯಾವುದಾದರೂ ಆದೀತು. ಇಷ್ಟಕ್ಕೆ ಎಕ್ಸೆಲ್ ಸಾಕು.

ಕೊನೇದಾಗಿ, ಮುಂದಿನ ವರ್ಷ ಹಾವಳಿ ಬರುತ್ತಾ ಇಲ್ವಾ, ಅದನ್ನ ಹೇಳಿ ಸಾಕು.

ಯಾವ ವಾರ ಮೊಟ್ಟೆ ಒಡೆಯುತ್ತದೆ ಎಂದರೆ ದಿನದಿನದ ತಾಪಮಾನ ಕೂಡಿಸಿ ಚೆನ್ನಾಗಿಯೇ ಹೇಳಬಹುದು. ಹತ್ತು ವರ್ಷ ಮುಂದಿನದಕ್ಕೆ ಕಾಡಿನ ವಯಸ್ಸು ನೋಡಿ ಸಾಧ್ಯತೆ ಹೇಳಬಹುದು. ಮುಂದಿನ ವರ್ಷ ಎಂಬ ನಡುವಿನ ದೂರವೇ ಕಷ್ಟ. ಅದಕ್ಕೆ ಕೆನಡಾದವರು ಸಮೀಕರಣ ಬದಿಗಿಟ್ಟು ಕೊಂಬೆಗೇ ಮರಳುತ್ತಾರೆ. ಬಡ್‌ವರ್ಮ್ ಚಳಿಗಾಲವನ್ನು ಎರಡನೇ ಹಂತದ ಎಳೆಹುಳುವಾಗಿ, ತೊಗಟೆ ಸಂದಿಯ ರೇಷ್ಮೆಗೂಡಿನಲ್ಲಿ ಮಲಗಿ ಕಳೆಯುತ್ತದೆ. ಎಲೆ ತಿನ್ನುವ ಕಾಲ ಮುಗಿದ ಮೇಲೆ ಕೊಂಬೆ ಕಡಿದು ತಂದು ಕ್ಷಾರದ ನೀರಿನಲ್ಲಿ ನೆನೆಸಿ ತೊಳೆದರೆ ಗೂಡು ಬಿಟ್ಟು ಹುಳು ಹೊರಬರುತ್ತವೆ. ಸೋಸಿ, ಸೂಕ್ಷ್ಮದರ್ಶಕದಡಿ ಇಟ್ಟು, ಒಂದೊಂದಾಗಿ ಎಣಿಸುತ್ತಾರೆ.